ಕುದಿಯದ ನೀರಿನಿಂದ ಕರೆಂಟು

ಹನೂರು ತಾಲ್ಲೂಕಿನ ರಾಮಾಪುರದ ಕಡೆ ಚಳಿಗಾಲದ ನಸುಕಿನಲ್ಲಿ ಬೋರ್‌ವೆಲ್ ಮೋಟಾರು ಹಾಕಿದರೆ ನೀರು ಬೆಚ್ಚಗೆ ಬರುತ್ತದೆ. ನೆಲದೊಳಗಿನ ಈ ಶಾಖದಿಂದ ಕರೆಂಟು ತೆಗೆಯಬಹುದೇ? ಅದಕ್ಕೆ ನೀರು ಕುದಿಯಲೇಬೇಕೆಂದೇನೂ ಇಲ್ಲ. ಆದರೆ ಬರೀ ಬೆಚ್ಚಗಿದ್ದರೆ ಸಾಲದು.

ಇಂಥ ವಿದ್ಯುತ್ ಘಟಕದಲ್ಲಿ ಟರ್ಬೈನ್ ತಿರುಗಿಸುವುದು ನೀರಲ್ಲ, ನೀರಿಗಿಂತ ಬೇಗ ಕುದಿಯುವ ಇನ್ನೊಂದು ದ್ರವ. ಕಾರಿನ ಎಸಿಯಲ್ಲಿ ಬಳಸುವ ಆರ್-134ಎ ಅಂಥದ್ದು; ಹೊರಗಿನ ಗಾಳಿಯ ಒತ್ತಡದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಪಂಪು ಈ ದ್ರವವನ್ನು ಒತ್ತಡದಲ್ಲಿ ಕೊಳವೆಗಳೊಳಗೆ ನೂಕುತ್ತದೆ. ಕೊಳವೆಯ ಆಚೆ ಬದಿ ಹರಿಯುವ ಬಿಸಿನೀರಿನ ಕಾವಿಗೆ ಅದು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ, ಬಳಿಕ ತಣ್ಣೀರಿನ ಕಂಡೆನ್ಸರ್‌ನಲ್ಲಿ ಮತ್ತೆ ದ್ರವವಾಗಿ ಪಂಪಿಗೆ ಮರಳುತ್ತದೆ. ಕಾವು ಕೊಟ್ಟ ನೀರನ್ನು ನೆಲದೊಳಕ್ಕೇ ಇಳಿಸುತ್ತಾರೆ.

ಅಲಾಸ್ಕದ ಚೆನಾ ಹಾಟ್ ಸ್ಪ್ರಿಂಗ್ಸ್‌ನಲ್ಲಿ 2006ರಿಂದ 74 ಡಿಗ್ರಿಯ ನೀರಿನಿಂದಲೇ ಹೀಗೆ ವಿದ್ಯುತ್ ತೆಗೆದಿದ್ದಾರೆ. 200 ಕಿಲೋವ್ಯಾಟ್‌ನ ಒಂದು ಯಂತ್ರಕ್ಕೆ ಸೆಕೆಂಡಿಗೆ 30 ಲೀಟರಿಗೂ ಹೆಚ್ಚು ಬಿಸಿನೀರು ಬೇಕು, ಅದರ ಮೂರು ಪಟ್ಟು ತಣ್ಣೀರೂ ಬೇಕು. ಅಲ್ಲಿನ ತಣ್ಣೀರು 4 ಡಿಗ್ರಿ ಇರುವುದೇ ಅವರ ಭಾಗ್ಯ. ಎರಡರ ನಡುವಿನ ಅಂತರವೇ ಇಲ್ಲಿನ ಬಂಡವಾಳ. 70 ಡಿಗ್ರಿ ಅಂತರವಿದ್ದರೂ ನಿಸರ್ಗ ನಿಯಮ ಬಿಟ್ಟುಕೊಡುವುದು ಹೆಚ್ಚೆಂದರೆ ಶಾಖದ ಐದನೇ ಒಂದು ಪಾಲು. ಯಂತ್ರದಿಂದ ಕೈಗೆ ಸಿಗುವುದು ಶೇ. 8ರಷ್ಟು.

ನಮ್ಮ ನೆಲದೊಳಗಿನ ಕಾವು ಎಷ್ಟೆಂದು ತಿಳಿಸಿದ್ದು ಕೋಲಾರದ ಚಿನ್ನದ ಗಣಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರೂ ಅಲ್ಲಿನ ಬಂಡೆ 65 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಅಂದರೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿ ಏರಿಕೆ. ಜಗತ್ತಿನ ಸರಾಸರಿ 25ರಿಂದ 30. ಕೋಟ್ಯಂತರ ವರ್ಷಗಳಿಂದ ಆರುತ್ತ ಬಂದ ಹಳೆಯ ಬಂಡೆಯ ಗುಣವೇ ಇದು, ರಾಮಾಪುರದ ಕೆಳಗಿರುವುದೂ ಅಂಥದೇ ಹಳೆಯ ಗಟ್ಟಿ ಬಂಡೆ. ಆ ಲೆಕ್ಕದಲ್ಲಿ ಸಾವಿರ ಅಡಿ ಬೋರ್ ಕೊರೆಸಿದರೂ ಸಿಗುವ ಹೆಚ್ಚಿನ ಕಾವು ನಾಲ್ಕು ಡಿಗ್ರಿಯೊಳಗೇ. ನೀರು ಬೆಚ್ಚಗೆ ಅನ್ನಿಸುವುದು ಹೊರಗಿನ ಚಳಿಯಿಂದ.

ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ ಕರ್ನಾಟಕದ ಹೆಸರಾಂತ ಬಿಸಿನೀರ ಬುಗ್ಗೆ. ಅದರ ನೀರು ಸುಮಾರು 40 ಡಿಗ್ರಿ, ತಣಿಸಲು ಸಿಗುವ ನೀರು 28 ಎಂದಿಟ್ಟುಕೊಂಡರೆ ನಿಯಮದ ಮಿತಿಯೇ ಶೇ. 4ರೊಳಗೆ. ಪಂಪುಗಳಿಗೆ ಕೊಟ್ಟ ಮೇಲೆ ಏನೂ ಉಳಿಯದು. ಆ ನೀರು ಸ್ನಾನಕ್ಕೇ ಸರಿ. ದಕ್ಷಿಣದಲ್ಲಿ ಈ ಕೆಲಸಕ್ಕೆ ಒಗ್ಗುವ ನೆಲ ತೆಲಂಗಾಣದ ಗೋದಾವರಿ ಕಣಿವೆ. ಅಲ್ಲಿ ಮಣುಗೂರು ಬಳಿ ಸಿಂಗರೇಣಿ ಕಾಲರೀಸ್ 20 ಕಿಲೋವ್ಯಾಟ್‌ನ ಪ್ರಾಯೋಗಿಕ ಘಟಕ ಹಾಕಿದೆ.

ಹನೂರಿನ ಕಡೆಗೆ ಯಾರಾದರೂ ಇಂಥ ಯೋಜನೆ ಹಿಡಿದು ಬಂದರೆ ದುಡ್ಡಿನ ಮಾತಿಗೆ ಮುಂಚೆ ಇಷ್ಟು ಕೇಳಿ: ಬಾವಿಯ ಬಾಯಲ್ಲಿ ನೀರು ಎಷ್ಟು ಡಿಗ್ರಿ, ಸೆಕೆಂಡಿಗೆ ಎಷ್ಟು ಲೀಟರು, ಬೇಸಿಗೆಯಲ್ಲಿ ತಣ್ಣೀರು ಎಲ್ಲಿಂದ, ಪಂಪುಗಳ ಖರ್ಚು ಕಳೆದು ಉಳಿಯುವ ಕರೆಂಟೆಷ್ಟು.