ದೇವರ ಗೊಡವೆಯಿಲ್ಲದ ಊರಿನಲ್ಲಿ ಸಭಾಪಾಲಕನ ಕೆಲಸವೇನು?

'ಸೆಕ್ಯುಲರ್' ಎಂಬ ಮಾತಿಗೆ ನಾವು ಕನ್ನಡದಲ್ಲಿ 'ಜಾತ್ಯತೀತ' ಎನ್ನುತ್ತೇವೆ. ಎಲ್ಲ ಧರ್ಮಗಳನ್ನೂ ಒಂದೇ ಸಮನಾಗಿ ಕಾಣುವ ಸರ್ಕಾರ ಎಂಬುದು ನಮಗೆ ಹೊಳೆಯುವ ಅರ್ಥ. ಯುರೋಪಿನಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. ಅಲ್ಲಿ ಅದು ಸರ್ಕಾರದ ನೀತಿ ಮಾತ್ರವಲ್ಲ, ಜನರು ಬದುಕುವ ರೀತಿಯೂ ಹೌದು. ದೇವರನ್ನು ಎದುರಿಸಿ ವಾದಿಸುವವರು ಅಲ್ಲಿ ಕಡಿಮೆ. ದೇವರ ಗೊಡವೆಯೇ ಬೇಡವೆಂದು ಸುಮ್ಮನಿರುವವರು ಹೆಚ್ಚು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. 2001ರಲ್ಲಿ ಶೇ 71.7ರಷ್ಟು ಜನ ತಮ್ಮನ್ನು ಕ್ರೈಸ್ತರೆಂದು ಬರೆಸಿದ್ದರು. 2021ರ ವೇಳೆಗೆ ಆ ಪ್ರಮಾಣ ಶೇ 46.2ಕ್ಕೆ ಇಳಿಯಿತು. ಯಾವ ಧರ್ಮವೂ ಇಲ್ಲವೆಂದವರು ಶೇ 37.2ರಷ್ಟಾದರು. ಇಂಥ ಸಮಾಜದಲ್ಲಿ ಒಂದು ಸಣ್ಣ ಚರ್ಚಿನ ಹೊಣೆ ಹೊತ್ತ ಸಭಾಪಾಲಕ, ಅಂದರೆ ಜನ 'ಪಾದ್ರಿ' ಎಂದು ಕರೆಯುವ ವ್ಯಕ್ತಿ, ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಬಂದ ಗಟ್ಟಿ ಉತ್ತರಗಳಲ್ಲೊಂದು ಭಾರತದಲ್ಲಿ ಪಳಗಿದ ಮನಸ್ಸಿನಿಂದ ಬಂತು ಎಂಬುದು ಗಮನಿಸಬೇಕಾದ ಸಂಗತಿ.

ಹೊಗೆಯ ಊರಿಗೆ ಮರಳಿದ ಬಿಷಪ್

ಲೆಸ್ಲಿ ನ್ಯೂಬಿಗಿನ್ 1909ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹುಟ್ಟಿದರು. 1936ರಲ್ಲಿ ಮಿಷನರಿಯಾಗಿ ಮದ್ರಾಸಿಗೆ ಬಂದು ತಮಿಳು ಕಲಿತು, ಕಾಂಚೀಪುರದ ಸುತ್ತ ಕೆಲಸ ಮಾಡಿದರು. 1947ರಲ್ಲಿ ಹಲವು ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಮಧುರೆ ಮತ್ತು ರಾಮನಾಡಿನ ಬಿಷಪ್ ಆದರು. ನಮ್ಮ ರಾಜ್ಯದಲ್ಲಿ ಇಂದು 'ಸಿಎಸ್‌ಐ' ಎಂದು ಕರೆಯಲಾಗುವ ಚರ್ಚುಗಳು ಇದೇ ಸಭೆಗೆ ಸೇರಿದವು. 1965ರಿಂದ 1974ರವರೆಗೆ ನ್ಯೂಬಿಗಿನ್ ಮದ್ರಾಸಿನ ಬಿಷಪ್ ಆಗಿದ್ದರು.

ನಿವೃತ್ತಿಯಾದ ಮೇಲೆ ಅವರು ಪತ್ನಿ ಹೆಲೆನ್ ಜೊತೆ ವಿಮಾನ ಏರಲಿಲ್ಲ. ಬಸ್ಸಿನಂಥ ಸಾಮಾನ್ಯ ವಾಹನಗಳನ್ನೇ ಹಿಡಿದು ನೆಲಮಾರ್ಗವಾಗಿ ಇಂಗ್ಲೆಂಡ್ ಸೇರಿದರು. ದಾರಿಯಲ್ಲಿ ಟರ್ಕಿಯ ಕಪ್ಪಡೋಕಿಯ ಸಿಕ್ಕಿತು. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ದೇವತಾಶಾಸ್ತ್ರದ ಘನ ವಿದ್ವಾಂಸರು ಬಾಳಿದ ನಾಡು ಅದು. ಆ ಭಾನುವಾರ ಅಲ್ಲಿ ಆರಾಧನೆಗೆ ಜೊತೆಯಾಗಲು ಇನ್ನೊಬ್ಬ ಕ್ರೈಸ್ತ ಸಿಗದೆ ದಂಪತಿಗಳಿಬ್ಬರೇ ಪ್ರಾರ್ಥಿಸಬೇಕಾಯಿತು. ಒಂದು ಕಾಲದಲ್ಲಿ ತುಂಬಿದ್ದ ಸಭೆ ಹೇಳಹೆಸರಿಲ್ಲದೆ ಹೋಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಂಗ್ಲೆಂಡಿನಲ್ಲಿ ಅವರಿಗೆ ಇನ್ನೊಂದು ಆಘಾತ ಕಾದಿತ್ತು. ಭಾರತದಿಂದ ಹಿಂತಿರುಗಿದಾಗ ಅತ್ಯಂತ ಕಷ್ಟವೆನಿಸಿದ್ದು ಏನೆಂದು ಕೇಳಿದವರಿಗೆ, ಇಲ್ಲಿ ಭರವಸೆಯೇ ಕಾಣೆಯಾಗಿದೆ ಎಂದು ಉತ್ತರಿಸುತ್ತಿದ್ದರು. ಮದ್ರಾಸಿನ ಕೊಳೆಗೇರಿಗಳಲ್ಲೂ ನಾಳೆ ಇಂದಿಗಿಂತ ಚೆನ್ನಾಗಿರಬಹುದೆಂಬ ನಂಬಿಕೆ ಇತ್ತು. ಶ್ರೀಮಂತ ದೇಶದಲ್ಲಿ ಅದು ಇರಲಿಲ್ಲ ಎಂಬುದು ಅವರ ಅನಿಸಿಕೆ.

1980ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಬರ್ಮಿಂಗ್‌ಹ್ಯಾಮ್ ನಗರದ ವಿನ್ಸನ್ ಗ್ರೀನ್ ಎಂಬ ಬಡ ಬಡಾವಣೆಯ ಪುಟ್ಟ ಸಭೆಗೆ ಸಂಬಳವಿಲ್ಲದೆ ಪಾಲಕರಾದರು. ಜೈಲಿನಿಂದಾಗಿ ಹೆಸರಾದ ಬಡಾವಣೆ ಅದು. ಸದಸ್ಯರು ಕೆಲವೇ ಮಂದಿ ಇದ್ದುದರಿಂದ ಅದನ್ನು ಮುಚ್ಚಿಬಿಡುವ ಪ್ರಸ್ತಾಪವಿತ್ತು. ಅನುಕೂಲಸ್ಥರ ಬಡಾವಣೆಗಳಲ್ಲಿ ಉಳಿದು ಬಡವರ ಕೇರಿಯಿಂದ ಕಾಲ್ತೆಗೆಯುವ ಸಭೆಗೆ ಸುವಾರ್ತೆ ಸಾರುವ ಹಕ್ಕೆಲ್ಲಿ ಎಂಬುದು ನ್ಯೂಬಿಗಿನ್ ಅವರ ವಾದವಾಗಿತ್ತು. ವಾದ ಮಾಡಿದವರೇ ಹೊಣೆಯನ್ನೂ ಹೊತ್ತರು.

ಅಲ್ಲಿ ಅವರು ಮನೆಮನೆಯ ಬಾಗಿಲು ತಟ್ಟಿದರು. ಏಷ್ಯಾ ಮೂಲದ ಕುಟುಂಬಗಳು ಒಳಗೆ ಕರೆದು ಕೂರಿಸಿದರೆ, ಎಷ್ಟೋ ಇಂಗ್ಲಿಷ್ ಮನೆಗಳ ಬಾಗಿಲು ಮುಖದೆದುರೇ ಮುಚ್ಚಿಕೊಳ್ಳುತ್ತಿತ್ತು. ಭಾರತದಲ್ಲಿ ಕಂಡ ವಿರೋಧಕ್ಕಿಂತ ಈ ತಣ್ಣನೆಯ ತಿರಸ್ಕಾರ ಹೆಚ್ಚು ಕಠಿಣವೆಂದು ಅವರಿಗೆ ತೋರಿತು.

ಮೊದಲ ಕೆಲಸ ಯಾವುದು?

ಇಂಥ ಸ್ಥಿತಿಯಲ್ಲಿ ಸಭಾಪಾಲಕನ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ಕಾಲಕ್ಕೆ ತಕ್ಕಂತೆ ಮಾತು ಬದಲಿಸಿ ಎಲ್ಲರಿಗೂ ಒಪ್ಪಿಗೆಯಾಗುವುದು ಒಂದು. ಇದ್ದ ನಾಲ್ಕು ಜನರನ್ನು ಕಟ್ಟಿಕೊಂಡು ಗೋಡೆಯೊಳಗೆ ಉಳಿಯುವುದು ಇನ್ನೊಂದು. ನ್ಯೂಬಿಗಿನ್ ಎರಡನ್ನೂ ಒಪ್ಪಲಿಲ್ಲ. ಒಂದು ಊರಿನ ಜನ ಸುವಾರ್ತೆಯನ್ನು ನಂಬುವಂತಾಗಬೇಕಾದರೆ, ಅದನ್ನು ನಂಬಿ ಅದರಂತೆ ಬಾಳುವ ಒಂದು ಸಭೆ ಅವರ ಕಣ್ಣೆದುರು ಇರಬೇಕು. 1989ರಲ್ಲಿ ಪ್ರಕಟವಾದ 'ದಿ ಗಾಸ್ಪೆಲ್ ಇನ್ ಎ ಪ್ಲೂರಲಿಸ್ಟ್ ಸೊಸೈಟಿ' ಎಂಬ ಗ್ರಂಥದಲ್ಲಿ ಅವರು ಇದನ್ನು ವಿವರಿಸಿದ್ದಾರೆ.

ಅಂಥ ಸಭೆಗೆ ಆರು ಗುಣಗಳಿರಬೇಕು ಎಂಬುದು ಅವರ ಅಭಿಪ್ರಾಯ. ಮೊದಲನೆಯದು ಸ್ತುತಿ: ಎಲ್ಲವನ್ನೂ ಸಂಶಯದಿಂದ ನೋಡುವ ಕಾಲದಲ್ಲಿ ಕೃತಜ್ಞತೆಯಿಂದ ಆರಾಧಿಸುವುದು. ಎರಡನೆಯದು ಸತ್ಯ: ಸುತ್ತಲಿನ ಪ್ರಚಾರಕ್ಕೆ ಮಾರುಹೋಗದೆ ಬೈಬಲಿನ ಕಣ್ಣಿನಿಂದ ಲೋಕವನ್ನು ಕಾಣುವುದು. ಮೂರನೆಯದು, ತನಗಾಗಿ ಮಾತ್ರ ಬಾಳದೆ ನೆರೆಹೊರೆಯ ಕಷ್ಟಸುಖದಲ್ಲಿ ಬೆರೆಯುವುದು. ನಾಲ್ಕನೆಯದು, ಸಾಮಾನ್ಯ ಸದಸ್ಯರು ತಮ್ಮ ಉದ್ಯೋಗಗಳಲ್ಲೇ ದೇವರ ಸೇವೆ ಮಾಡಲು ಸಿದ್ಧರಾಗುವುದು. ಐದನೆಯದು, ಒಬ್ಬರಿಗೊಬ್ಬರು ಹೊಣೆಯಾಗುವುದು. ಕೊನೆಯದು ಭರವಸೆ.

ಸಭಾಪಾಲಕನ ಆದ್ಯತೆಗಳು ಈ ಪಟ್ಟಿಯಿಂದಲೇ ಹೊರಡುತ್ತವೆ. ನಾಲ್ಕನೆಯ ಗುಣವನ್ನೇ ನೋಡಿ. ಕಾರ್ಖಾನೆ, ಶಾಲೆ, ಕಚೇರಿಗಳಿಗೆ ಪಾದ್ರಿ ಹೋಗಲಾರ; ಸದಸ್ಯರು ದಿನವೂ ಹೋಗುತ್ತಾರೆ. ವಾರದ ಆರು ದಿನ ಅಲ್ಲಿ ಎದುರಾಗುವ ಇಕ್ಕಟ್ಟುಗಳಿಗೆ ಭಾನುವಾರದ ಪ್ರಸಂಗ ಅವರನ್ನು ಅಣಿಗೊಳಿಸದಿದ್ದರೆ ಆ ಪ್ರಸಂಗದಿಂದ ಪ್ರಯೋಜನವೇನು? ಹಾಗೆಂದು ಪಾದ್ರಿ ಹಿಂದೆ ಉಳಿಯುವಂತೆಯೂ ಇಲ್ಲ. ಇಟಲಿಯ ಪಸೋಲಿನಿ 1964ರಲ್ಲಿ ಯೇಸುವಿನ ಬಗ್ಗೆ ತೆಗೆದ ಚಿತ್ರದಲ್ಲಿ ಯೇಸು ಶಿಷ್ಯರ ಮುಂದೆ ಬಿರುಸಾಗಿ ನಡೆಯುತ್ತಲೇ ಬೋಧಿಸುತ್ತಾನೆ. ನಾಯಕತ್ವವೆಂದರೆ ಹೀಗೆ ಮುಂದೆ ನಡೆಯುವುದು ಎಂದು ನ್ಯೂಬಿಗಿನ್ ಆ ಚಿತ್ರವನ್ನು ಉದಾಹರಿಸುತ್ತಾರೆ.

ಈ ಕ್ರಮದಿಂದ ಫಲ ಸಿಕ್ಕಿತೇ ಎಂದು ಯಾರಾದರೂ ಕೇಳಬಹುದು. ಅಂಕಿಅಂಶ ನೋಡಿದರೆ ಇಳಿಮುಖ ನಿಂತಿಲ್ಲ. ನ್ಯೂಬಿಗಿನ್ 1998ರಲ್ಲಿ ತೀರಿಕೊಂಡರು. 2021ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕ್ರೈಸ್ತರು ಶೇ 34ರಷ್ಟು, ಮುಸ್ಲಿಮರು ಶೇ 29.9ರಷ್ಟು ಇದ್ದರು. ಆದರೆ ತಲೆ ಎಣಿಸಿ ಸಭೆಯನ್ನು ಅಳೆಯುವುದು ಅವರ ಉದ್ದೇಶವಾಗಿರಲಿಲ್ಲ. ಅವರ ಚಿಂತನೆ ಬ್ರಿಟನ್ ಮತ್ತು ಅಮೆರಿಕದ ಹಲವು ಪಂಗಡಗಳ ಪಾದ್ರಿಗಳನ್ನು ಹೊಸದಾಗಿ ಯೋಚಿಸುವಂತೆ ಮಾಡಿತು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 1989ರಲ್ಲಿ ಸಭೆಯೊಂದನ್ನು ಸ್ಥಾಪಿಸಿದ ಟಿಮೊತಿ ಕೆಲ್ಲರ್ ಅವರೂ ಈ ಋಣವನ್ನು ಒಪ್ಪಿಕೊಂಡವರು.

ಭಾರತದಿಂದ ನ್ಯೂಬಿಗಿನ್ ಕೊಂಡೊಯ್ದ ತಿಳಿವಳಿಕೆ ಸರಳವಾದದ್ದು. ತಮಿಳುನಾಡಿನ ಹಳ್ಳಿಗಳಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು; ಅವರ ನಂಬಿಕೆ ಎಂಥದೆಂದು ಅಕ್ಕಪಕ್ಕದವರು ಅಳೆಯುತ್ತಿದ್ದುದು ಅವರ ಬಾಳ್ವೆಯಿಂದ. ಇಂಗ್ಲೆಂಡಿನ ಚರ್ಚಿಗೂ ಈಗ ಅದೇ ಅಳತೆಗೋಲು ಬಂದಿದೆ. ಅಧಿಕಾರ, ಆಸ್ತಿ, ಹಳೆಯ ಗೌರವ ಯಾವುದೂ ಇನ್ನು ಅದರ ಪರವಾಗಿ ಮಾತಾಡುವುದಿಲ್ಲ. ಬಾಗಿಲು ಮುಚ್ಚಿಕೊಂಡ ಮನೆಯವರೂ ಕಿಟಕಿಯಿಂದ ನೋಡುತ್ತಿರುತ್ತಾರೆ. ಅವರಿಗೆ ಏನು ಕಾಣಿಸಬೇಕು ಎಂಬುದೇ ಸಭಾಪಾಲಕನ ಮೊದಲ ಚಿಂತೆಯಾಗಬೇಕು.