ರದ್ದಿ ಕಾಗದದ ಬುಟ್ಟಿಯ ವಿಜ್ಞಾನ

ರದ್ದಿ ಕಾಗದವನ್ನು ನೆನೆಸಿ, ಮೆಂತ್ಯ ಬೆರೆಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸುವ ಬುಟ್ಟಿ ಉತ್ತರ ಕರ್ನಾಟಕದ ಹಿರಿಯ ಹೆಣ್ಣುಮಕ್ಕಳಿಗೆ ಚಿರಪರಿಚಿತವಾದ ವಸ್ತು; ಬಿದಿರಿನ ಮೊರದ ಸಂದುಗಳನ್ನು ಮುಚ್ಚಲು ಬಳಿಯುವುದೂ ಇದೇ ಮುದ್ದೆಯನ್ನು. ಕಾಗದದ ಕಾರ್ಖಾನೆಯಲ್ಲಿ ಯಂತ್ರಗಳು ನಡೆಸುವ ಕ್ರಿಯೆಗಳಲ್ಲಿ ಮುಖ್ಯವಾದವು ಈ ಕೈಕೆಲಸದಲ್ಲಿಯೂ ನಡೆಯುತ್ತವೆ.

ಕಾಗದವೆಂದರೆ ಸಸ್ಯದ ನಾರುಗಳು ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಹಾಸಿಕೊಂಡು ಕೂಡಿದ ತೆಳು ಪದರ. ನಾರಿನ ಮುಖ್ಯ ಘಟಕವಾದ ಸೆಲ್ಯುಲೋಸ್ ಎಂಬ ಉದ್ದನೆಯ ಸರಪಳಿಯಂಥ ಅಣುವಿನ ಮೈತುಂಬ ಜಲಜನಕ ಮತ್ತು ಆಮ್ಲಜನಕ ಸೇರಿದ ಗುಂಪುಗಳಿದ್ದು, ಎರಡು ನಾರುಗಳು ಬಹಳ ಹತ್ತಿರ ಬಂದಾಗ ಈ ಗುಂಪುಗಳ ನಡುವೆ ಉಂಟಾಗುವ ದುರ್ಬಲ ಆಕರ್ಷಣೆಗೆ ಜಲಜನಕ ಬಂಧ ಎಂದು ಹೆಸರು. ನೀರಿನ ಅಣುಗಳು ನಡುವೆ ನುಸುಳಿದೊಡನೆ ಈ ಬಂಧಗಳು ಬಿಡುತ್ತವೆ, ಆದ್ದರಿಂದಲೇ ನೆನೆದ ಕಾಗದ ಸುಲಭವಾಗಿ ಹರಿಯುತ್ತದೆ. ಒಣಗುವಾಗ ಅದೇ ನೀರು ತನ್ನ ಮೇಲ್ಮೈ ಸೆಳೆತದಿಂದ ನಾರುಗಳನ್ನು ಒತ್ತಟ್ಟಿಗೆ ಎಳೆದು ತಾನು ಆವಿಯಾಗಿ ಹೋಗುವುದರಿಂದ ಬಂಧಗಳು ಮರಳಿ ಏರ್ಪಡುತ್ತವೆ.

ಕುಟ್ಟುವುದರ ಉದ್ದೇಶ ಕಾಗದವನ್ನು ಪುಡಿಮಾಡುವುದಷ್ಟೇ ಅಲ್ಲ. ಒನಕೆಯ ಪೆಟ್ಟಿಗೆ ನಾರಿನ ಹೊರಮೈ ಸೀಳಿ ಸೂಕ್ಷ್ಮ ಎಳೆಗಳು ಎದ್ದು ನಿಲ್ಲುತ್ತವೆ, ಬಂಧಕ್ಕೆ ಒದಗುವ ಮೈ ಹೆಚ್ಚುತ್ತದೆ. 17ನೆಯ ಶತಮಾನದಲ್ಲಿ ಹಾಲೆಂಡಿನಲ್ಲಿ ರೂಪುಗೊಂಡ ‘ಹಾಲೆಂಡರ್ ಬೀಟರ್’ ಎಂಬ ಯಂತ್ರವು ತೊಟ್ಟಿಯೊಳಗೆ ತಿರುಗುವ ಪಟ್ಟಿಗಳಿಂದ ಸಾಧಿಸಿದ್ದೂ ಇದನ್ನೇ. ಮಿಕ್ಸರಿನಲ್ಲಿ ಬಹಳ ಹೊತ್ತು ತಿರುಗಿಸಿದರೆ ನಾರು ಸೀಳುವ ಬದಲು ತುಂಡಾಗುತ್ತದೆ. ಬುಟ್ಟಿಯ ಬಾಳಿಕೆಯ ದೃಷ್ಟಿಯಿಂದ ಒರಳೇ ಉತ್ತಮ.

ಒಮ್ಮೆ ಒಣಗಿದ ನಾರು ಎರಡನೆಯ ಸಲ ಮೊದಲಿನಷ್ಟು ಉಬ್ಬುವುದಿಲ್ಲ, ಬಾಗುವುದೂ ಇಲ್ಲ, ಹೀಗಾಗಿ ರದ್ದಿ ಕಾಗದದ ಬಂಧಗಳು ಸಹಜವಾಗಿಯೇ ಕಡಿಮೆ. ಈ ಕೊರತೆಯನ್ನು ತುಂಬುವುದು ಮೆಂತ್ಯ. ಅದರ ಬೀಜದೊಳಗಿನ ಗ್ಯಾಲಕ್ಟೋಮನ್ನಾನ್ ಎಂಬ ಅಂಟು ಸಕ್ಕರೆಯ ಎರಡು ಬಗೆಯ ಅಣುಗಳಿಂದಾದ ಉದ್ದನೆಯ ಸರಪಳಿ. ಅದು ಸೆಲ್ಯುಲೋಸಿಗೆ ಅಂಟಿಕೊಂಡು ನಾರಿನಿಂದ ನಾರಿಗೆ ಸೇತುವೆಯಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೋಣಿಯ ನಾರು ಮತ್ತು ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟನ್ನು ಕಲಸಿ ‘ಕಿಟ್ಟ’ ಎಂಬ ಮುದ್ದೆಯನ್ನು ಸಿದ್ಧಪಡಿಸುವುದರಲ್ಲಿಯೂ ಇದೇ ತತ್ತ್ವವಿದೆ. ಮನುಷ್ಯನಿಗಿಂತ ಎಷ್ಟೋ ಮೊದಲೇ ಕಡಜದ ಹುಳುಗಳು ಮರದ ನಾರನ್ನು ಕೆರೆದು, ಜೊಲ್ಲಿನೊಂದಿಗೆ ಅಗಿದು ಕಾಗದದ ಗೂಡು ಕಟ್ಟುತ್ತಿದ್ದವು. ಅದನ್ನು ಗಮನಿಸಿದ ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ 1719ರಲ್ಲಿ ಮರದಿಂದಲೂ ಕಾಗದ ಮಾಡಬಹುದೆಂದು ಸೂಚಿಸಿದನು.

ಮುದ್ದೆ ಒಣಗುತ್ತ ಕುಗ್ಗಿ ಕೊಡವನ್ನು ಬಿಗಿಯಾಗಿ ಹಿಡಿಯುವುದರಿಂದ ನಡುವೆ ಬಟ್ಟೆ ಹಾಸಬೇಕು, ದಪ್ಪ ಎಲ್ಲೆಡೆ ಸಮನಾಗಿರಬೇಕು. ಇಲ್ಲವಾದರೆ ಬಿರುಕು ಬಿಡುತ್ತದೆ. ನಿಧಾನವಾಗಿ ಒಣಗುವ ಮುದ್ದೆಗೆ ಬೂಸು ಬರುವ ಅಪಾಯವೂ ಉಂಟು. ತುಳಸಿಗೇರಿ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನು ಒಳಗೊಂಡ ಬಾಗಲಕೋಟೆಯ ಮಳೆ ಕಡಿಮೆಯಿರುವ ಸೀಮೆಯಲ್ಲಿ ಬೇಸಿಗೆಯ ಒಣ ಗಾಳಿ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಯಾವ ಕಾಗದ ಎಂಬುದು ಮುಖ್ಯ. ಶಾಲೆಯ ಹಳೆಯ ನೋಟುಪುಸ್ತಕದ ಹಾಳೆ ಒಳ್ಳೆಯದು. ಸುದ್ದಿಪತ್ರಿಕೆಯ ಕಾಗದದಲ್ಲಿ ನಾರಿನೊಂದಿಗೆ ಲಿಗ್ನಿನ್ ಎಂಬ ಮರದ ಅಂಶವೂ ಉಳಿದಿರುವುದರಿಂದ ಅದು ಬೇಗ ಹಳದಿಯಾಗುತ್ತದೆ. ಅದರ ಮುದ್ರಣದ ಮಸಿ ಆಹಾರಕ್ಕೆ ತಗುಲಬಾರದು, ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಸುದ್ದಿಪತ್ರಿಕೆಯಲ್ಲಿ ತಿನಿಸು ಕಟ್ಟಬಾರದೆಂದು ಎಚ್ಚರಿಸಿದೆ. ಅಂಥ ಬುಟ್ಟಿಯಲ್ಲಿ ಬಿಸಿ ರೊಟ್ಟಿಯನ್ನಿಡದೆ, ನೂಲಿನ ಉಂಡೆ, ಬಟ್ಟೆ, ಸಿಪ್ಪೆಯಿರುವ ಬೆಳ್ಳುಳ್ಳಿಗಳನ್ನು ಇಡುವುದು ಕ್ಷೇಮ. ಅಂಗಡಿಯ ಯಂತ್ರದಿಂದ ಬರುವ ನುಣುಪಾದ ಬಿಲ್ಲುಗಳಲ್ಲಿ ಶಾಖಕ್ಕೆ ಬಣ್ಣ ತಾಳುವ ರಾಸಾಯನಿಕದ ಲೇಪವಿರುವುದರಿಂದ ಅವನ್ನು ಮುದ್ದೆಗೆ ಸೇರಿಸಲೇಬಾರದು. ಅಂಚು ಕಿತ್ತ ಹಳೆಯ ಬುಟ್ಟಿಯನ್ನು ಮತ್ತೆ ನೆನೆಸಿ ಕುಟ್ಟಬಹುದು, ಆದರೆ ಪ್ರತಿ ಸುತ್ತಿನಲ್ಲಿಯೂ ನಾರು ಗಿಡ್ಡವಾಗುವುದರಿಂದ ಹೊಸ ನೋಟುಪುಸ್ತಕದ ಹಾಳೆಗಳನ್ನು ಬೆರೆಸಿದರೆ ಮಾತ್ರ ಎರಡನೆಯ ಬುಟ್ಟಿ ಮೊದಲಿನಷ್ಟು ಗಟ್ಟಿಯಾಗುತ್ತದೆ.