ಒಂದೇ ಬ್ರೋಕರ್, ಬಾಗಿಲಿಗೊಂದು ಬೀಗ

ಸೆನ್ಸರ್‌ಗಳ ಸಂದೇಶ ಹಂಚುವ ಮಸ್ಕಿಟೋ ಬ್ರೋಕರ್‌ಗೆ ಬಾಗಿಲು (ಅದರ ಭಾಷೆಯಲ್ಲಿ ‘ಲಿಸನರ್’) ಒಂದೇ ಅಲ್ಲ. 1883ನೇ ಪೋರ್ಟಿನಲ್ಲಿ ಬರಿಯ ಎಂಕ್ಯೂಟಿಟಿ, 8883ರಲ್ಲಿ ಟಿಎಲ್‌ಎಸ್, ಬ್ರೌಸರ್‌ಗೆ ವೆಬ್‌ಸಾಕೆಟ್.

ಒಳಬಾಗಿಲಾದ 1883ಕ್ಕೆ ಪಾಸ್‌ವರ್ಡ್ ಯಾಕೆ ಅಂತ ‘ಅಲೋ ಅನಾನಿಮಸ್ ಟ್ರೂ’ ಬರೆದಿರಿ ಅನ್ನಿ. ಬೀದಿಬಾಗಿಲೂ ತೆರೆದುಕೊಳ್ಳುತ್ತೆ! ಯಾಕಂದ್ರೆ ಆವೃತ್ತಿ 2.0ರಲ್ಲಿ ಈ ಸೆಟ್ಟಿಂಗ್ ಮಾಮೂಲಾಗಿ ಎಲ್ಲಾ ಲಿಸನರ್‌ಗಳಿಗೂ ಒಟ್ಟಿಗೇ ಅನ್ವಯ. ನನ್ನ ಕೇಳಿದ್ರೆ, ಇದು ಯಾರನ್ನಾದರೂ ಯಾಮಾರಿಸುವಂಥದ್ದೇ.

ಕಾನ್ಫಿಗ್ ಫೈಲಿನ ತಲೆಯಲ್ಲೇ ‘ಪರ್ ಲಿಸನರ್ ಸೆಟ್ಟಿಂಗ್ಸ್ ಟ್ರೂ’ ಹಾಕಿ. ಆಮೇಲೆ 1883 ಅನ್ನು 127.0.0.1ಕ್ಕೆ ಕಟ್ಟಿ, ಅನಾಮಿಕರನ್ನು ಅಲ್ಲಿ ಮಾತ್ರ ಬಿಡಿ. 8883ಕ್ಕೆ ಪಾಸ್‌ವರ್ಡ್ ಫೈಲ್ ಕೊಡಿ. ಇನ್ನೂ ಬಿಗಿ ಬೇಕಾ, ಕ್ಲೈಂಟ್ ಸರ್ಟಿಫಿಕೇಟನ್ನೂ ಕೇಳಿ. ವೆಬ್‌ಸಾಕೆಟ್‌ಗೂ ಅದರದ್ದೇ ಪಾಸ್‌ವರ್ಡ್ ಫೈಲ್ ಇರಲಿ.

ರೀಸ್ಟಾರ್ಟ್ ಮಾಡಿ, ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಇಲ್ಲದೆ ಕನೆಕ್ಟ್ ಆಗಿ ನೋಡಿ. ಒಳಗೆ ಬಿಟ್ಟರೆ, ಕಾನ್ಫಿಗ್ ಫೈಲ್ ಮತ್ತೆ ತೆರೆಯಿರಿ.